ಸ್ಟೋಮಾ ಪಕ್ಕ ಹರ್ನಿಯಾ: ಬೆಂಗಳೂರಿನ ಸರ್ಜಿಕಲ್ ಅಂಗಡಿಯಲ್ಲಿ ಯಾವ ಬೆಲ್ಟ್, ಯಾವ ಪ್ಲೇಟ್ ಕೊಳ್ಳಬೇಕು

ಮಲ ಅಥವಾ ಮೂತ್ರ ಹೊರಬರಲು ಆಪರೇಷನ್ ಮಾಡಿ ಹೊಟ್ಟೆಯ ಮೇಲೆ ತೆರೆದ ಬಾಯಿಯೇ ಸ್ಟೋಮಾ. ಅದರ ಸುತ್ತ ಚರ್ಮಕ್ಕೆ ಅಂಟುವುದು ಪ್ಲೇಟ್, ಪ್ಲೇಟಿಗೆ ಕೂಡುವುದು ಬ್ಯಾಗ್. ಆ ಬಾಯಿಯ ಪಕ್ಕ ಹೊಟ್ಟೆ ಉಬ್ಬಿದವರಿಗೆ ಈ ಬರಹ. ಬೆಂಗಳೂರಿನ ಯಾವುದೇ ಸರ್ಜಿಕಲ್ ಅಂಗಡಿಗೆ ಹೋಗಿ "ಹರ್ನಿಯಾ ಬೆಲ್ಟ್ ಕೊಡಿ" ಎಂದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಕೌಂಟರ್ ಮೇಲೆ ಬರುತ್ತದೆ. ತೊಡೆಸಂದಿನ ಹರ್ನಿಯಾಕ್ಕೆ ಮಾಡಿದ, ಗಟ್ಟಿ ಪ್ಯಾಡ್ ಇರುವ ಬೆಲ್ಟ್ ಒಂದು. ಹೆರಿಗೆ ಅಥವಾ ಆಪರೇಷನ್ ಆದ ಮೇಲೆ ಕಟ್ಟುವ ಅಗಲವಾದ ಅಬ್ಡಾಮಿನಲ್ ಬೆಲ್ಟ್ ಇನ್ನೊಂದು. "ಸ್ಟೋಮಾ ಇದೆ, ಅದರ ಪಕ್ಕ ಉಬ್ಬಿದೆ" ಎಂದು ಬಿಡಿಸಿ ಹೇಳಿದರೆ, ಎರಡು ತುದಿಗೂ ಕೊಕ್ಕೆ ಇರುವ ಸುಮಾರು ಒಂದು ಅಂಗುಲದ ಎಲಾಸ್ಟಿಕ್ ಪಟ್ಟಿ.

ಮೊದಲನೆಯದಕ್ಕೂ ಈ ತೊಂದರೆಗೂ ಸಂಬಂಧವೇ ಇಲ್ಲ. ಮೂರನೆಯದು ಬ್ಯಾಗನ್ನು ಹಿಡಿಯುವ ಪಟ್ಟಿ, ಹೊಟ್ಟೆಯನ್ನು ಹಿಡಿಯುವ ಬೆಲ್ಟ್ ಅಲ್ಲ. ಅದನ್ನೇ ಉಬ್ಬಿನ ಮೇಲೆ ಬಿಗಿದರೆ ಹುರಿ ಕಟ್ಟಿದ ಹಾಗೆ ಚರ್ಮದೊಳಗೆ ಹೂತುಕೊಳ್ಳುತ್ತದೆ, ಉಬ್ಬು ಅದರ ಮೇಲೂ ಕೆಳಗೂ ಎರಡಾಗಿ ಎದ್ದು ನಿಲ್ಲುತ್ತದೆ. ಎರಡನೆಯದು ಕೆಲವರಿಗೆ ಒಗ್ಗುತ್ತದೆ, ಕೆಲವರಿಗೆ ಬರೀ ಸೋರಿಕೆ ತರುತ್ತದೆ. ಯಾರಿಗೆ ಏನು ಎಂಬುದು ಬೆಲ್ಟಿನ ಬ್ರ್ಯಾಂಡಿನ ಮೇಲೆ ನಿಂತಿಲ್ಲ. ನಿಮ್ಮದು ಕೊಲೊಸ್ಟಮಿಯೋ (ದೊಡ್ಡ ಕರುಳಿನ ಸ್ಟೋಮಾ), ಇಲಿಯೊಸ್ಟಮಿಯೋ (ಸಣ್ಣ ಕರುಳಿನದು), ಯೂರೊಸ್ಟಮಿಯೋ (ಮೂತ್ರದ್ದು), ಬ್ಯಾಗಿನ ಪ್ಲೇಟ್ ಎಂಥದು, ಉಬ್ಬು ಮಲಗಿದಾಗ ಒಳಗೆ ಹೋಗುತ್ತದೆಯೇ ಇಲ್ಲವೇ ಎಂಬುದರ ಮೇಲೆ ನಿಂತಿದೆ.

ಆಪರೇಷನ್ ಮಾಡುವಾಗ ಸರ್ಜನ್ ಹೊಟ್ಟೆಯ ಸ್ನಾಯುವಿನಲ್ಲಿ ಒಂದು ದಾರಿ ಮಾಡಿ ಕರುಳನ್ನು ಹೊರಗೆ ತರುತ್ತಾರೆ. ಕಾಲ ಕಳೆದಂತೆ ಆ ದಾರಿ ಅಗಲವಾಗಿ, ಸ್ಟೋಮಾ ಪಕ್ಕದಿಂದ ಕರುಳಿನ ಇನ್ನೊಂದು ಸುರುಳಿಯೋ ಕೊಬ್ಬೋ ಚರ್ಮದಡಿಗೆ ನುಗ್ಗುವುದೇ ಈ ಹರ್ನಿಯಾ. ಇದು ನಿಮ್ಮ ತಪ್ಪಿನಿಂದಲೇ ಆಯಿತು ಎಂದು ಯಾರಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಯುರೋಪಿಯನ್ ಹರ್ನಿಯಾ ಸೊಸೈಟಿಯ 2018ರ ಮಾರ್ಗಸೂಚಿಯ ಲೆಕ್ಕದಲ್ಲಿ, ಶಾಶ್ವತ ಕೊಲೊಸ್ಟಮಿ ಇರುವವರಲ್ಲಿ ಒಂದು ವರ್ಷದೊಳಗೆ ಶೇ 30ಕ್ಕಿಂತ ಹೆಚ್ಚು, ಎರಡು ವರ್ಷಕ್ಕೆ ಶೇ 40, ಇನ್ನೂ ಮುಂದೆ ಹೋದರೆ ಶೇ 50 ಅಥವಾ ಅದಕ್ಕೂ ಹೆಚ್ಚು ಜನರಿಗೆ ಇದು ಬರುತ್ತದೆ. ತೊಂದರೆ ಕಡಿಮೆ ಇರುವವರಿಗೆ ಆಪರೇಷನ್ ಮೇಲೋ ಹಾಗೇ ನೋಡಿಕೊಳ್ಳುವುದು ಮೇಲೋ ಎಂದು ಖಚಿತವಾಗಿ ಹೇಳಲು ಸಾಕಷ್ಟು ಪುರಾವೆ ಇಲ್ಲ ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಬರೀ ಹೊಲಿಗೆ ಹಾಕಿ ಮುಚ್ಚಿದರೆ ಮತ್ತೆ ಬರುವುದೇ ಹೆಚ್ಚು. ಜಾಲರಿ ಹಾಕಿದರೆ ಅದಕ್ಕಿಂತ ಮೇಲು, ಆದರೂ ಮರಳಿ ಬರುವುದಿಲ್ಲ ಎಂಬ ಖಾತರಿ ಇಲ್ಲ. ಹಾಗಾಗಿ ಬಹಳಷ್ಟು ಜನ ಇದರೊಂದಿಗೇ ವರ್ಷಗಟ್ಟಲೆ ಬದುಕುತ್ತಾರೆ, ಚೆನ್ನಾಗಿಯೇ ಬದುಕುತ್ತಾರೆ. ಬೆಲ್ಟ್ ಕೊಳ್ಳುವ ಮುಂಚೆ ಒಮ್ಮೆ ಸರ್ಜನ್ ಹತ್ತಿರ ನಿಂತು, ಮಲಗಿ, ಕೆಮ್ಮಿ ತೋರಿಸಿಕೊಂಡಿರಬೇಕು, ಅಷ್ಟೆ. ಮಲಗಿದರೂ ಒಳಗೆ ಹೋಗದ ಉಬ್ಬಿಗೆ ನೀವಾಗಿಯೇ ಬೆಲ್ಟ್ ಬಿಗಿಯಬೇಡಿ.

ಮೊದಲು ಪ್ಲೇಟ್, ಆಮೇಲೆ ಬೆಲ್ಟ್

ಹರ್ನಿಯಾ ಬಂದವರು ಸಾಮಾನ್ಯವಾಗಿ ಮೊದಲು ಬೆಲ್ಟಿಗೆ ದುಡ್ಡು ಹಾಕುತ್ತಾರೆ. ನಮ್ಮ ಸಲಹೆ ಇದಕ್ಕೆ ಉಲ್ಟಾ. ಸಪಾಟಾಗಿದ್ದ ಹೊಟ್ಟೆ ಗುಮ್ಮಟವಾಗಿದೆ. ಸಪಾಟು ಹೊಟ್ಟೆಗೆ ಅಂತ ಆರಿಸಿದ ಪ್ಲೇಟ್ ಗುಮ್ಮಟದ ಮೇಲೆ ಕೂರುವುದಿಲ್ಲ, ಅಂಚು ಸುಕ್ಕಾಗಿ ಏಳುತ್ತದೆ. ಸೋರುವ ಪ್ಲೇಟಿನ ಮೇಲೆ ಎಷ್ಟು ಒಳ್ಳೆಯ ಬೆಲ್ಟ್ ಕಟ್ಟಿದರೂ ಅದು ಸೋರಿಕೆಯನ್ನು ಚರ್ಮಕ್ಕೆ ಇನ್ನಷ್ಟು ಒತ್ತುತ್ತದೆ, ಅಷ್ಟೆ.

ಎರಡು ಪೀಸಿನ ವ್ಯವಸ್ಥೆಯಲ್ಲಿ, ಅಂದರೆ ಪ್ಲೇಟ್ ಬೇರೆ, ಬ್ಯಾಗ್ ಬೇರೆ ಇದ್ದು ನಡುವೆ ಗಟ್ಟಿ ಪ್ಲಾಸ್ಟಿಕ್ ಉಂಗುರ ಕ್ಲಿಕ್ ಆಗುವಂಥದರಲ್ಲಿ, ಆ ಉಂಗುರವೇ ತೊಡಕು. ಗುಮ್ಮಟ ಬಾಗುತ್ತದೆ, ಉಂಗುರ ಬಾಗುವುದಿಲ್ಲ. ಬಗ್ಗಿದಾಗ ಅದು ಒಂದು ಕಡೆ ಸನ್ನೆಕೋಲಿನಂತೆ ಎದ್ದು ಪ್ಲೇಟನ್ನು ಚರ್ಮದಿಂದ ಕೀಳುತ್ತದೆ. ದೊಡ್ಡ ಉಬ್ಬಿಗೆ ಒಂದೇ ಪೀಸಿನ ಮೆತ್ತನೆ ಬ್ಯಾಗ್, ಅಥವಾ ಅಂಟಿನಿಂದ ಕೂಡುವ ಎರಡು ಪೀಸಿನದು ವಾಸಿ. ಒಂದೇ ಪೀಸಿನದಕ್ಕೆ ಒಂದು ಕೊರತೆ ಇದೆ. ಬ್ಯಾಗ್ ಬದಲಿಸಿದಾಗಲೆಲ್ಲ ಪ್ಲೇಟೂ ಹೋಗುತ್ತದೆ, ತಿಂಗಳ ಖರ್ಚು ಏರುತ್ತದೆ. ತಳದಲ್ಲಿ ಬಾಯಿ ಇರುವ, ತೊಳೆದು ಖಾಲಿ ಮಾಡಬಹುದಾದ ಬ್ಯಾಗ್ ತೆಗೆದುಕೊಂಡರೆ ಆ ಖರ್ಚು ಹಿಡಿತದಲ್ಲಿರುತ್ತದೆ.

ಕೊಲೊಪ್ಲಾಸ್ಟ್‌ನ ಸೆನ್ಸುರಾ ಮಿಯೊ ಕಾನ್ಕೇವ್ ಎಂಬ ಪ್ಲೇಟ್ ಹೊರಗೆ ಉಬ್ಬಿದ ಹೊಟ್ಟೆಗೆಂದೇ ತಯಾರಾದದ್ದು. ನಕ್ಷತ್ರದ ಆಕಾರ, ಬಟ್ಟಲು ಬೋರಲು ಹಾಕಿದಂತೆ ಉಬ್ಬನ್ನು ಅಪ್ಪಿಕೊಳ್ಳುವ ಬಾಗು. ಈ ತೊಂದರೆಗೆ ಯೋಚಿಸಿ ಮಾಡಿದ ವಸ್ತು ಎಂಬ ಕಾರಣಕ್ಕೆ ನಮ್ಮ ಪಟ್ಟಿಯಲ್ಲಿ ಇದಕ್ಕೆ ಮೊದಲ ಸ್ಥಾನ. ಆದರೆ ಕಪಾಟಿನಲ್ಲಿ ಇದ್ದೇ ಇರುತ್ತದೆ ಎಂದುಕೊಂಡು ಮೆಜೆಸ್ಟಿಕ್ ದಾಟಿ ಹೋಗಬೇಡಿ. ಫೋನ್ ಮಾಡಿ, ಹೆಸರು ಬಿಡಿಸಿ ಹೇಳಿ, ಇದೆ ಎಂದು ಖಾತ್ರಿ ಮಾಡಿಕೊಂಡೇ ಹೊರಡಿ. ಹೆಸರಲ್ಲೇ ಎಡವಟ್ಟಾಗುತ್ತದೆ: ಕಾನ್ಕೇವ್ ಕೇಳಿದರೆ ಕಾನ್ವೆಕ್ಸ್ ಕೊಡುವುದುಂಟು. ಎರಡೂ ಒಂದಕ್ಕೊಂದು ಉಲ್ಟಾ. ಕಾನ್ವೆಕ್ಸ್ ಪ್ಲೇಟ್ ಚರ್ಮದ ಕಡೆಗೆ ಉಬ್ಬಿ ಒತ್ತುತ್ತದೆ, ಅದು ಒಳಗೆ ಹೂತ ಸ್ಟೋಮಾಕ್ಕೆ. ಹರ್ನಿಯಾದ ಮೇಲೆ ಗಟ್ಟಿ ಕಾನ್ವೆಕ್ಸ್ ಹಾಕಿದರೆ ಒಳಗಿಂದ ಕರುಳು, ಹೊರಗಿಂದ ಪ್ಲೇಟ್ ಒತ್ತಿ ಚರ್ಮ ನೀಲಿಗಟ್ಟಿ ಹುಣ್ಣಾಗಬಹುದು. ಹರ್ನಿಯಾ ಇದ್ದೂ ಸ್ಟೋಮಾ ಒಳಗೆ ಹೂತಿದ್ದರೆ ಮೆತ್ತನೆ ಕಾನ್ವೆಕ್ಸ್ ಬೇಕಾಗಬಹುದು. ಅದನ್ನು ಸ್ಟೋಮಾ ನರ್ಸ್ ಕಣ್ಣಾರೆ ನೋಡಿ ಹೇಳಬೇಕು, ಅಂಗಡಿಯವರಲ್ಲ.

ಇರುವ ಸಪಾಟು ಪ್ಲೇಟನ್ನೇ ಒಗ್ಗಿಸಿಕೊಳ್ಳುವ ದಾರಿಯೂ ಇದೆ. ಹೊರ ಅಂಚಿನಿಂದ ಒಳಕ್ಕೆ ಸುಮಾರು 1 ಸೆಂ.ಮೀ. ಉದ್ದದ ಕತ್ತರಿ ಗೀರು, ಸುತ್ತ ಆರರಿಂದ ಎಂಟು ಕಡೆ. ಗೀರು ಬಿದ್ದ ಅಂಚು ಹೂವಿನ ಎಸಳಿನ ಹಾಗೆ ಒಂದರ ಮೇಲೊಂದು ಏರಿ ಗುಮ್ಮಟಕ್ಕೆ ಹೊಂದುತ್ತದೆ. ಗೀರು ಸ್ಟೋಮಾ ರಂಧ್ರದ ಹತ್ತಿರ ಬಂದರೆ ಕೆಟ್ಟಿತು, ಸೋರುವುದಕ್ಕೆ ನೀವೇ ಕಾಲುವೆ ತೋಡಿಕೊಟ್ಟಂತೆ. ಮೇಲೆ ಅರ್ಧಚಂದ್ರಾಕಾರದ ಎಲಾಸ್ಟಿಕ್ ಟೇಪ್ ಸುತ್ತ ಅಂಟಿಸಿದರೆ ಅಂಚು ಏಳುವುದಿಲ್ಲ. ಕೊಲೊಪ್ಲಾಸ್ಟ್‌ನ ಬ್ರಾವಾ ಟೇಪ್ ಈ ಆಕಾರದ್ದು. ಸಾದಾ ಮೈಕ್ರೊಪೋರ್ ಟೇಪ್ ಹಿಗ್ಗುವುದಿಲ್ಲ, ಹಾಗಾಗಿ ಉಬ್ಬು ಏರಿಳಿದಾಗ ಚರ್ಮವನ್ನು ಎಳೆದು ಗುಳ್ಳೆ ಏಳಿಸುತ್ತದೆ. ಅಗ್ಗ ಎಂದು ಅದನ್ನು ದಿನವೂ ಸುತ್ತುವುದನ್ನು ನಾವು ಒಪ್ಪುವುದಿಲ್ಲ.

ರಂಧ್ರದ ಅಳತೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಹರ್ನಿಯಾ ಇರುವವರ ಸ್ಟೋಮಾ ಮಲಗಿದಾಗ ಒಂದು ಅಳತೆ, ನಿಂತಾಗ ಇನ್ನೊಂದು. ನಿಂತಾಗ ಚರ್ಮ ಹಿಗ್ಗಿ ಸ್ಟೋಮಾ ಅಗಲವಾಗುತ್ತದೆ, ದುಂಡಗಿದ್ದದ್ದು ಮೊಟ್ಟೆಯಾಕಾರವಾಗುತ್ತದೆ. ಆಸ್ಪತ್ರೆಯಲ್ಲಿ ಮಲಗಿಸಿ ತೆಗೆದ ಹಳೇ ಅಳತೆಗೇ ಕತ್ತರಿಸುತ್ತಾ ಹೋದರೆ ಪ್ಲೇಟಿನ ಅಂಚು ಸ್ಟೋಮಾವನ್ನು ಕೊರೆಯುತ್ತದೆ. ಮಲಗಿ, ಕೂತು, ನಿಂತು, ಮೂರು ಸಲ ಅಳೆಯಿರಿ. ದೊಡ್ಡ ಅಳತೆಗೆ ಸುತ್ತ 2ರಿಂದ 3 ಮಿ.ಮೀ. ಬಿಟ್ಟು ಕತ್ತರಿಸಿ. ಸಣ್ಣದಾದಾಗ ಉಳಿಯುವ ಸಂದನ್ನು ಮೆತ್ತನೆಯ ಅಂಟಿನ ರಿಂಗ್ ತುಂಬಲಿ. ಹಾಲಿಸ್ಟರ್‌ನ ಅಡಾಪ್ಟ್ ರಿಂಗ್ ಆಗಲಿ, ಈಕಿನ್ ಸೀಲ್ ಆಗಲಿ, ಕೈಯಲ್ಲಿ ಒಂದು ನಿಮಿಷ ಬಿಸಿ ಮಾಡಿ ಹಿಗ್ಗಿಸಿದರೆ ಮೊಟ್ಟೆಯಾಕಾರಕ್ಕೂ ಕೂರುತ್ತದೆ. ಕಾನ್ವಾಟೆಕ್‌ನ ಮೋಲ್ಡಬಲ್ ಪ್ಲೇಟ್ ಇನ್ನೊಂದು ಒಳ್ಳೆಯ ದಾರಿ. ಕತ್ತರಿ ಬೇಡ, ಬೆರಳಲ್ಲೇ ಅಂಚು ಮಡಚಿದರೆ ಅದು ಸ್ಟೋಮಾದ ಸುತ್ತ ಮತ್ತೆ ಕೂಡಿಕೊಳ್ಳುತ್ತದೆ. ಕೈ ನಡುಗುವ ಹಿರಿಯರಿಗೆ, ಕಣ್ಣು ಮಂದವಾದವರಿಗೆ ಇದನ್ನೇ ಹೇಳುತ್ತೇವೆ. ಸಂದು ತುಂಬುವ ಪೇಸ್ಟ್ ಬಗ್ಗೆ ಒಂದೇ ಮಾತು: ಸ್ಟೋಮಾಹೆಸಿವ್ ಪೇಸ್ಟ್‌ನಲ್ಲಿ ಆಲ್ಕೋಹಾಲ್ ಇದೆ, ಕಿತ್ತುಹೋದ ಚರ್ಮಕ್ಕೆ ತಗುಲಿದರೆ ಚುರುಚುರು ಉರಿಯುತ್ತದೆ. ಹುಣ್ಣಿದ್ದಾಗ ರಿಂಗ್ ಬಳಸಿ.

ಉಬ್ಬು ದೊಡ್ಡದಾದರೆ ಸ್ಟೋಮಾದ ಕೆಳಭಾಗ ಕಣ್ಣಿಗೆ ಕಾಣುವುದಿಲ್ಲ, ಸೋರಿಕೆ ಶುರುವಾಗುವುದು ಅಲ್ಲಿಂದಲೇ. ಬಾತ್‌ರೂಮಿನ ಗೋಡೆಗೆ ಸೊಂಟದ ಮಟ್ಟದಲ್ಲಿ ಒಂದು ಅಗ್ಗದ ಕನ್ನಡಿ ಹಾಕಿಸಿ. ಈ ಇಡೀ ಬರಹದಲ್ಲಿ ಕಡಿಮೆ ದುಡ್ಡಿಗೆ ಹೆಚ್ಚು ಉಪಕಾರ ಮಾಡುವ ವಸ್ತು ಅದು.

ಬೆಲ್ಟ್: ಅಗಲ, ಬಿಗಿ, ತೂತು

ಬೆಲ್ಟ್ ಹರ್ನಿಯಾವನ್ನು ಗುಣ ಮಾಡುವುದಿಲ್ಲ, ಸ್ನಾಯುವಿನ ದಾರಿಯನ್ನು ಚಿಕ್ಕದು ಮಾಡುವುದೂ ಇಲ್ಲ. ಮಲಗಿದಾಗ ಒಳಗೆ ಹೋದದ್ದನ್ನು ಎದ್ದ ಮೇಲೂ ಒಳಗೇ ಉಳಿಯುವಂತೆ ಹಿಡಿಯುವುದು, ಜಗ್ಗುವ ನೋವು ಇಳಿಸುವುದು, ಬಟ್ಟೆಯಡಿ ಆಕಾರ ಸಮ ಮಾಡುವುದು ಅದರ ಕೆಲಸ. ಹೊರಗೆ ಬಂದದ್ದನ್ನು ಬೆಲ್ಟಿನಿಂದ ಒಳಗೆ ತಳ್ಳುತ್ತೇನೆ ಎಂದು ನಿಂತುಕೊಂಡು ಬಿಗಿಯುವವರಿಗೆ ನೋವು ಹೆಚ್ಚುತ್ತದೆ, ಸ್ಟೋಮಾ ಕಪ್ಪಡರಬಹುದು.

ಅಗಲದ ಲೆಕ್ಕ ಹೀಗೆ. ನಿಂತಾಗ ಉಬ್ಬು ಮೇಲಿನಿಂದ ಕೆಳಕ್ಕೆ ಎಷ್ಟಿದೆ ಅಳೆಯಿರಿ. ಅದಕ್ಕೆ ಮೇಲೊಂದು, ಕೆಳಗೊಂದು ಎರಡರಿಂದ ಮೂರು ಸೆಂ.ಮೀ. ಸೇರಿಸಿ. 12 ಸೆಂ.ಮೀ. ಉಬ್ಬಿಗೆ 16ರಿಂದ 18 ಸೆಂ.ಮೀ. ಬೆಲ್ಟ್. ಆಮೇಲೆ ಕುರ್ಚಿಯಲ್ಲಿ ಕೂತು, ಪಕ್ಕೆಲುಬಿನ ಕೆಳ ಅಂಚಿನಿಂದ ತೊಡೆಸಂದಿನವರೆಗೆ ಎಷ್ಟು ಜಾಗ ಇದೆ ನೋಡಿ. ಬೆಲ್ಟ್ ಆ ಜಾಗಕ್ಕಿಂತ ಅಗಲವಾದರೆ ಕೂತಾಗಲೆಲ್ಲ ಮಡಚಿ ಸುರುಳಿಯಾಗುತ್ತದೆ, ಆ ಸುರುಳಿ ಪ್ಲೇಟಿನ ಅಂಚನ್ನು ಎಬ್ಬಿಸುತ್ತದೆ. ಕುಳ್ಳಗಿರುವ ಹೆಂಗಸರಿಗೆ ಅಂಗಡಿಯಲ್ಲಿ 9 ಅಂಗುಲದ್ದನ್ನೇ ಕೊಟ್ಟು ಕಳಿಸುವುದು ದೊಡ್ಡ ತಪ್ಪು. ಅಗಲ ಕಡಿಮೆಯಾದರೆ ಉಬ್ಬು ಬೆಲ್ಟಿನ ಕೆಳಗಿಂದ ಜಾರಿ ಬರುತ್ತದೆ, ಆಗ ಬೆಲ್ಟ್ ಇಲ್ಲದಿರುವುದೇ ಮೇಲು.

ಸುತ್ತಳತೆಯನ್ನು ಮಲಗಿ, ಉಬ್ಬು ಒಳಗೆ ಹೋದ ಮೇಲೆ, ಸ್ಟೋಮಾ ಇರುವ ಮಟ್ಟದಲ್ಲೇ ತೆಗೆಯಬೇಕು. ಪ್ಯಾಂಟಿನ ಅಳತೆ ಹೇಳಿ ಕೊಂಡ ಬೆಲ್ಟ್ ಹಿಡಿಯುವುದಿಲ್ಲ. ವೆಲ್ಕ್ರೊ ಬೀಳುವ ಜಾಗ ಸ್ಟೋಮಾದ ಎದುರು ಬದಿಗಿರಬೇಕು. ಬೆನ್ನಿಗೆ ಗಟ್ಟಿ ಕಡ್ಡಿ ಇದ್ದರೆ ಅಡ್ಡಿಯಿಲ್ಲ, ಮುಂದೆ ಇದ್ದರೆ ಬೇಡ.

ಇನ್ನು ತೂತಿನ ಪ್ರಶ್ನೆ. ಇಲಿಯೊಸ್ಟಮಿ, ಯೂರೊಸ್ಟಮಿ ಇರುವವರಿಗೆ ಬರುವುದು ತೆಳ್ಳಗಿನದು. ಮೆತ್ತನೆಯ, ಹೆಚ್ಚು ಬಿಗಿಯಿಲ್ಲದ ಎಲಾಸ್ಟಿಕ್ ಬೆಲ್ಟ್ ಬ್ಯಾಗಿನ ಮೇಲೆ ಬಂದರೂ ಅದು ಕೆಳಗಿಳಿದು ಹೋಗುತ್ತದೆ. ಅಂಥವರಿಗೆ ತೂತಿಲ್ಲದ ಬೆಲ್ಟ್, ಅಥವಾ ಎತ್ತರದ ಸೊಂಟದ ಸಪೋರ್ಟ್ ಒಳಉಡುಪು ಸಾಕು. ಬ್ಯಾಗ್ ಮೂರರಲ್ಲಿ ಒಂದು ಪಾಲು ತುಂಬಿದಾಗಲೇ ಖಾಲಿ ಮಾಡಬೇಕು ಎಂಬುದೊಂದೇ ಷರತ್ತು. ಕೊಲೊಸ್ಟಮಿಯ ಕತೆ ಬೇರೆ. ಗಟ್ಟಿ ಮಲ ಸ್ಟೋಮಾ ಬಾಯಲ್ಲೇ ನಿಂತು, ಬೆಲ್ಟ್ ಒತ್ತಿದಂತೆ ಪಕ್ಕಕ್ಕೆ ಹರಡಿ, ಪ್ಲೇಟಿನಡಿಗೆ ನುಗ್ಗುತ್ತದೆ. ಸಾದಾ ಅಬ್ಡಾಮಿನಲ್ ಬೆಲ್ಟ್ ಕಟ್ಟಿ "ಎರಡೇ ಗಂಟೆಗೆ ಸೋರಿತು" ಎನ್ನುವವರಲ್ಲಿ ಆಗುವುದು ಇದೇ. ಬ್ಯಾಗಿನೊಳಗೆ ಸ್ವಲ್ಪ ಗಾಳಿ ಊದಿ, ಒಳಗೋಡೆಗೆ ಅರ್ಧ ಚಮಚ ಬೇಬಿ ಆಯಿಲ್ ಸವರಿ, ಬ್ಯಾಗಿನ ಗಾಳಿ ಹೊರಹೋಗುವ ಫಿಲ್ಟರ್ ಮೇಲೆ ಜೊತೆಗೆ ಬರುವ ಸ್ಟಿಕ್ಕರ್ ಅಂಟಿಸಿದರೆ ಕೊಂಚ ತಡೆಯಬಹುದು. ಎಣ್ಣೆ ಪ್ಲೇಟಿನ ಅಂಟಿಗೆ ತಾಕಬಾರದು. ಆದರೆ ನಿಜವಾದ ಪರಿಹಾರ ತೂತಿರುವ ಬೆಲ್ಟ್: ಬೆಲ್ಟ್ ಪ್ಲೇಟಿನ ಮೇಲೆ ಕೂರುತ್ತದೆ, ಬ್ಯಾಗ್ ತೂತಿನ ಮೂಲಕ ಹೊರಗೆ ನೇತಾಡುತ್ತದೆ.

ಅಳತೆ ಕೊಟ್ಟು ಮಾಡಿಸುವ ವಿದೇಶಿ ಬೆಲ್ಟ್‌ಗಳಲ್ಲಿ ಅಮೆರಿಕದ ನು-ಹೋಪ್ ಹೆಸರುವಾಸಿ. ಬೆಲ್ಟಿನ ಅಗಲ, ತೂತಿನ ಅಳತೆ, ತೂತು ಎಡಕ್ಕೋ ಬಲಕ್ಕೋ, ಸ್ಟೋಮಾ ಹೊರಗೆ ಜಾರುವವರಿಗೆ ಮೇಲೊಂದು ಪಟ್ಟಿ, ಹೀಗೆ ಆರಿಸಿ ಹೇಳಬಹುದು. ವಸ್ತು ಉತ್ತಮ. ತರಿಸುವ ಖರ್ಚು, ಸುಂಕ ಸೇರಿ ಬೆಲೆ ಏರುತ್ತದೆ, ಅಳತೆ ತಪ್ಪಿದರೆ ವಾಪಸ್ ಕಳಿಸುವುದು ಕಷ್ಟ. ಮೊದಲ ಬೆಲ್ಟಾಗಿ ಇದನ್ನು ತರಿಸಬೇಡಿ. ಇಲ್ಲಿನ ಬೆಲ್ಟಿನಲ್ಲಿ ಅಗಲ ಮತ್ತು ತೂತಿನ ಜಾಗ ಖಚಿತವಾದ ಮೇಲೆ ತರಿಸಿದರೆ ಹಣ ದಂಡವಾಗದು.

ಟೈಲರ್ ಕೈಯಲ್ಲಿ ತೂತು ಮಾಡಿಸುವುದು

ಕಲಾಸಿಪಾಳ್ಯ, ವಿಕ್ಟೋರಿಯಾ ಆಸ್ಪತ್ರೆ ಸುತ್ತಲಿನ ಸರ್ಜಿಕಲ್ ಅಂಗಡಿಗಳಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಅಬ್ಡಾಮಿನಲ್ ಬೆಲ್ಟಿಗೆ ಟೈಲರ್ ಹತ್ತಿರ ತೂತು ಮಾಡಿಸಬಹುದು. ಕೆಲಸ ಸರಿಯಾದರೆ ಇದು ದುಬಾರಿ ಬೆಲ್ಟಿನ ಮುಕ್ಕಾಲು ಪಾಲು ಕೆಲಸ ಮಾಡುತ್ತದೆ. ಹಾಳಾಗುವುದು ಸಾಮಾನ್ಯವಾಗಿ ಎರಡು ಕಡೆ.

ಒಂದು, ಬೆಲ್ಟನ್ನು ಮೇಜಿನ ಮೇಲೆ ಹರಡಿ ದುಂಡಗೆ ಕತ್ತರಿಸುವುದು. ಕಟ್ಟಿಕೊಂಡಾಗ ಎಲಾಸ್ಟಿಕ್ ಅಡ್ಡಕ್ಕೆ ಹಿಗ್ಗಿ ಆ ದುಂಡು ಅಡ್ಡಗಲದ ಬಾಯಾಗುತ್ತದೆ, ಉಬ್ಬು ಅದರಲ್ಲೇ ಹೊರಗೆ ಇಣುಕುತ್ತದೆ. ಗುರುತನ್ನು ಮೈಮೇಲೆ ಬೆಲ್ಟ್ ಇರುವಾಗಲೇ ಹಾಕಬೇಕು. ಖಾಲಿ ಬ್ಯಾಗಿನ ಮೇಲೆ ಬೆಲ್ಟನ್ನು ಮಲಗಿ ಕಟ್ಟಿ, ಎದ್ದು ನಿಂತು, ಬೆರಳಲ್ಲಿ ಉಂಗುರದ ಅಂಚು ಹುಡುಕಿ, ಅದಕ್ಕಿಂತ ಸುತ್ತ 3ರಿಂದ 5 ಮಿ.ಮೀ. ಹೊರಗೆ ಚಾಕ್‌ಪೀಸಿನಿಂದ ದುಂಡಗೆ ಗೀಚಿ. ಬಿಚ್ಚಿದ ಮೇಲೆ ಆ ಗೀಟು ಉದ್ದನೆ ಮೊಟ್ಟೆಯ ಹಾಗೆ ಕಾಣುತ್ತದೆ. ಟೈಲರ್ ಅದನ್ನು ತಿದ್ದಿ ದುಂಡಗೆ ಮಾಡಲು ಹೊರಡುತ್ತಾರೆ, ಬಿಡಬೇಡಿ. ಮೊಟ್ಟೆಯಾಕಾರದಲ್ಲೇ ಕತ್ತರಿಸಬೇಕು. ತೂತು ಬೆಲ್ಟಿನ ನಟ್ಟನಡುವೆಯೇ ಬರಬೇಕೆಂದಿಲ್ಲ. ಉಬ್ಬು ಸ್ಟೋಮಾದ ಮೇಲ್ಭಾಗದಲ್ಲಿದ್ದರೆ ತೂತು ಕೆಳಕ್ಕೆ ಬರುತ್ತದೆ.

ಎರಡು, ನೇರ ಹೊಲಿಗೆ. ಎಲಾಸ್ಟಿಕ್ ಹಿಗ್ಗಿದಾಗ ನೇರ ಹೊಲಿಗೆಯ ದಾರ ಪಟಪಟ ಹರಿಯುತ್ತದೆ. ಜಿಗ್‌ಜ್ಯಾಗ್ ಹೊಲಿಗೆ ಹಾಕುವ ಯಂತ್ರ ಇರುವವರನ್ನೇ ಹುಡುಕಿ. ಅಂಚಿಗೆ ಹಿಗ್ಗುವ, ಮೆತ್ತನೆಯ ಬನಿಯನ್ ಬಟ್ಟೆಯ ಪಟ್ಟಿ ಕೊಡಿಸಿ. ಅಂಚು ಒರಟಾಗಿ ಉಳಿದರೆ ಬ್ಯಾಗಿನ ಪ್ಲಾಸ್ಟಿಕ್ಕನ್ನು ದಿನವೂ ಉಜ್ಜಿ ಸವೆಸುತ್ತದೆ. ಕತ್ತರಿ ಹಾಕಿದ ಬೆಲ್ಟ್ ಅಂಗಡಿಗೆ ವಾಪಸ್ ಆಗುವುದಿಲ್ಲ, ಹಾಗಾಗಿ ಮೊದಲು ಎರಡು ದಿನ ತೂತಿಲ್ಲದೆ ಕಟ್ಟಿ ಅಗಲ ಸರಿಯೇ ನೋಡಿಕೊಳ್ಳಿ. ತೂತು ದೊಡ್ಡದಾದರೆ ಉಬ್ಬು ಹೊರಬರುತ್ತದೆ, ಚಿಕ್ಕದಾದರೆ ಬ್ಯಾಗಿನ ಕುತ್ತಿಗೆ ಹಿಚುಕಿ ಮಲ ಹಿಂದಕ್ಕೆ ತಿರುಗುತ್ತದೆ. ಚಿಕ್ಕದನ್ನು ದೊಡ್ಡದು ಮಾಡಬಹುದು, ದೊಡ್ಡದನ್ನು ಚಿಕ್ಕದು ಮಾಡಲಾಗದು.

ಕಟ್ಟುವುದು, ಬಿಚ್ಚುವುದು, ಒಗೆಯುವುದು

ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಬೆಲ್ಟ್ ಕಟ್ಟುವುದು ಸರಿಯಾದ ಹೊತ್ತು. ಎದ್ದು ಓಡಾಡಿ ಬಂದವರು ಬ್ಯಾಗ್ ಖಾಲಿ ಮಾಡಿ, ಅಂಗಾತ ಮಲಗಿ, ಮೊಣಕಾಲು ಮಡಚಿ ಐದು ಹತ್ತು ನಿಮಿಷ ಸುಮ್ಮನಿರಿ, ಉಬ್ಬು ತಾನಾಗಿ ಇಳಿಯಲಿ. ಅಂಗೈಯಿಂದ ಮೆಲ್ಲಗೆ ಒತ್ತುವುದು ಡಾಕ್ಟರ್ ತೋರಿಸಿಕೊಟ್ಟಿದ್ದರೆ ಮಾತ್ರ. ಬೆಲ್ಟನ್ನು ಬೆನ್ನಡಿ ಮೊದಲೇ ಹಾಸಿಕೊಂಡಿರಬೇಕು. ಬ್ಯಾಗನ್ನು ತೂತಿನಿಂದ ಹೊರಗೆ ಎಳೆದು, ತೂತಿನ ಅಂಚಿನಡಿ ಬ್ಯಾಗಿನ ಮಡಿಕೆ ಸಿಕ್ಕಿಕೊಂಡಿದೆಯೇ ಸುತ್ತ ಬೆರಳಾಡಿಸಿ ನೋಡಿ, ಉಸಿರು ಹೊರಬಿಟ್ಟು ವೆಲ್ಕ್ರೊ ಅಂಟಿಸಿ. ಬೆಲ್ಟಿನಡಿ ಎರಡು ಬೆರಳು ಸಲೀಸಾಗಿ ಹೋಗಬೇಕು. ಏಳುವಾಗ ನೇರವಾಗಿ ಏಳದೆ, ಪಕ್ಕಕ್ಕೆ ಹೊರಳಿ, ಕೈಯೂರಿ ಏಳಿ.

ಬಿಗಿ ಹೆಚ್ಚಾದ ಗುರುತು ಬೇಗ ಕಾಣುತ್ತದೆ: ಎದೆ ಉರಿ, ಏದುಸಿರು, ಬ್ಯಾಗಿಗೆ ಏನೂ ಬಾರದಿರುವುದು, ಸ್ಟೋಮಾದ ಕೆಂಪು ಕಪ್ಪಾಗುವುದು. ಊಟದ ನಂತರ ಒಂದು ಎಳೆ ಸಡಿಲಿಸಿ. ದಿನದಲ್ಲಿ ಎರಡು ಮೂರು ಸಲ ಮಲಗಿ ಬಿಚ್ಚಿ ಚರ್ಮ ನೋಡಿ. ಒತ್ತಿದ ಕೆಂಪು ಅರ್ಧ ಗಂಟೆಯಲ್ಲಿ ಹೋಗದಿದ್ದರೆ ಆ ಜಾಗದ ಒತ್ತಡ ಹೆಚ್ಚಿದೆ ಎಂದರ್ಥ. ರಾತ್ರಿ ಬೆಲ್ಟ್ ಬೇಡ. ಏಪ್ರಿಲ್, ಮೇ ಸೆಕೆಯಲ್ಲಿ ಬೆಲ್ಟಿನಡಿ ತೆಳು ಹತ್ತಿ ಬನಿಯನ್ ಇದ್ದರೆ ಬೆವರುಸಾಲೆ ಕಡಿಮೆ. ಪೌಡರ್ ಚಿಮುಕಿಸಿದರೆ ಪ್ಲೇಟಿನ ಅಂಟು ಕೆಡುತ್ತದೆ.

ಒಂದನ್ನು ಒಗೆದಾಗ ಇನ್ನೊಂದು ಬೇಕು, ಹಾಗಾಗಿ ಎರಡು ಬೆಲ್ಟ್ ಲೆಕ್ಕ ಹಾಕಿಕೊಳ್ಳಿ. ವೆಲ್ಕ್ರೊ ಮುಚ್ಚಿ, ತಣ್ಣೀರಲ್ಲಿ, ಮೆದು ಸೋಪಿನಲ್ಲಿ, ಕೈಯಲ್ಲಿ ಒಗೆಯಿರಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ ನೆರಳಲ್ಲಿ ಹರಡಿ. ತಾರಸಿಯ ಬಿಸಿಲು ಎಲಾಸ್ಟಿಕ್ಕನ್ನು ಕೊಲ್ಲುತ್ತದೆ. ವೆಲ್ಕ್ರೊದಲ್ಲಿ ಸೇರಿದ ನೂಲುಕಸವನ್ನು ಹಳೇ ಟೂತ್‌ಬ್ರಷ್‌ನಿಂದ ಕೀಳಬಹುದು. ಎಳೆದು ಬಿಟ್ಟಾಗ ಮೊದಲಿನ ಉದ್ದಕ್ಕೆ ಮರಳದ ಬೆಲ್ಟ್ ಮುಗಿದ ಹಾಗೆ, ನೋಡಲು ಹೊಸದರಂತಿದ್ದರೂ.

ಬಿಲ್ ಕೇಳಿ ಪಡೆಯಿರಿ. ಆಸ್ಟಮಿ ಉಪಕರಣಗಳ, ಅಂದರೆ ಸ್ಟೋಮಾಕ್ಕೆ ಬಳಸುವ ಸಾಮಾನುಗಳ, ಜಿಎಸ್‌ಟಿ 2022ರ ಜುಲೈ 18ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ತಿಂಗಳು ತಿಂಗಳು ಬ್ಯಾಗ್ ಕೊಳ್ಳುವ ಮನೆಗೆ ಆ ವ್ಯತ್ಯಾಸ ಸಣ್ಣದಲ್ಲ.

ಬೆಲ್ಟಿಗೆ ವಿರುದ್ಧ ಕೆಲಸ ಮಾಡುವ ಮನೆಯ ವಸ್ತುಗಳು

ಲಂಗದ ಲಾಡಿ ಸ್ಟೋಮಾ ಮಟ್ಟದಲ್ಲೇ ಬಿಗಿಯುತ್ತದೆ, ಬೆಲ್ಟಿನ ಮೇಲೆ ಕಟ್ಟಿದರೂ ಅದನ್ನು ಒಂದೇ ಗೆರೆಯಲ್ಲಿ ಹಿಚುಕುತ್ತದೆ. ಲಾಡಿ ತೆಗೆಸಿ ಅಗಲ ಎಲಾಸ್ಟಿಕ್ ಹಾಕಿಸಿ, ಸೀರೆ ನಿಲ್ಲುತ್ತದೆ. ಗಂಡಸರಿಗೆ ಪಂಚೆಯ ಗಂಟು, ಚರ್ಮದ ಬೆಲ್ಟ್ ಇದೇ ತೊಂದರೆ ಕೊಡುತ್ತವೆ. ಎಲಾಸ್ಟಿಕ್ ಸೊಂಟದ ಪ್ಯಾಂಟ್ ಅಥವಾ ಹೆಗಲಿಗೆ ಹಾಕುವ ಪಟ್ಟಿ ಅನುಕೂಲ. ಕಾರಿನ ಸೀಟ್ ಬೆಲ್ಟಿನ ಕೆಳಪಟ್ಟಿ ಸೊಂಟದ ಮೂಳೆಯ ಮೇಲೆ, ಸ್ಟೋಮಾಕ್ಕಿಂತ ಕೆಳಗೆ ಬರಲಿ.

ಬೆಂಗಳೂರಿನ ಮನೆಗಳಲ್ಲಿ ಹರ್ನಿಯಾಕ್ಕೆ ದೊಡ್ಡ ಶತ್ರು 20 ಲೀಟರಿನ ನೀರಿನ ಕ್ಯಾನ್. 20 ಕೆ.ಜಿ. ಭಾರವನ್ನು ಬಗ್ಗಿ ಎತ್ತಿ, ಎದೆಮಟ್ಟಕ್ಕೆ ತಂದು, ತಿರುಗಿಸಿ ಡಿಸ್ಪೆನ್ಸರ್ ಮೇಲೆ ಬೋರಲು ಹಾಕುವ ಆ ಒಂದು ಕ್ಷಣದಲ್ಲಿ ಹೊಟ್ಟೆಯೊಳಗಿನ ಒತ್ತಡ ಪೂರಾ ಆ ದುರ್ಬಲ ಜಾಗಕ್ಕೆ ಹೋಗುತ್ತದೆ. ಎಷ್ಟೇ ಒಳ್ಳೆಯ ಬೆಲ್ಟ್ ಇದ್ದರೂ ಇದನ್ನು ಮಾಡಬಾರದು. ಕ್ಯಾನ್ ನೆಲದ ಮೇಲೇ ಇರಲಿ, ಬಾಯಿಗೆ ಚಾರ್ಜ್ ಮಾಡುವ ಪಂಪ್ ಕೂರಿಸಿ. ಗ್ಯಾಸ್ ಸಿಲಿಂಡರ್ ತುಂಬಿದ್ದಾಗ ಸುಮಾರು 30 ಕೆ.ಜಿ., ಅದನ್ನು ತಂದವರಿಂದಲೇ ಅಡುಗೆಮನೆಗೆ ಇಡಿಸಿ. ಸ್ಕೂಟರಿಗೆ ಸೈಡ್ ಸ್ಟ್ಯಾಂಡ್ ಸಾಕು, ಸೆಂಟರ್ ಸ್ಟ್ಯಾಂಡ್ ಎಳೆಯಬೇಡಿ. ಕೆಮ್ಮು, ಸೀನು ಬಂದಾಗ ಅಂಗೈಯನ್ನು ಉಬ್ಬಿನ ಮೇಲೆ ಒತ್ತಿ ಹಿಡಿಯಿರಿ. ಈ ಊರಿನ ಧೂಳಿಗೆ ತಿಂಗಳುಗಟ್ಟಲೆ ಕೆಮ್ಮುವವರು ಕೆಮ್ಮಿಗೆ ಮೊದಲು ಔಷಧಿ ಮಾಡಿಸಿಕೊಳ್ಳಲಿ, ಬೀಡಿ ಸಿಗರೇಟು ಬಿಡಲಿ.

ಕೊಲೊಸ್ಟಮಿ ಇರುವವರು ಮಲ ಗಟ್ಟಿಯಾಗಿ ತಿಣುಕುವ ಹಾಗಾಗಬಾರದು, ನೀರು, ಸೊಪ್ಪು, ಹಣ್ಣು ಬೇಕು. ಇಲಿಯೊಸ್ಟಮಿಗೆ ಲೆಕ್ಕ ಬೇರೆ. ಹರ್ನಿಯಾದಲ್ಲಿ ಕರುಳು ಬಾಗಿರುವ ತಿರುವಿನಲ್ಲಿ ನಾರು ಸಿಕ್ಕಿಕೊಳ್ಳಬಹುದು. ಕೊಬ್ಬರಿ ಚೂರು, ಮುಸುಕಿನ ಜೋಳ, ಅಣಬೆ, ನುಗ್ಗೆಕಾಯಿ ನಾರು ಬಿಡಿ. ಅವರೆಕಾಯಿ ಕಾಲದಲ್ಲಿ ಸಿಪ್ಪೆ ಇರುವ ಕಾಳಿನ ಬದಲು ಹಿತಕಿದ ಬೇಳೆ, ಅದೂ ಚೆನ್ನಾಗಿ ಬೆಂದು, ಸ್ವಲ್ಪವೇ, ಅಗಿದು.

ಖರ್ಚು ಉಳಿಸಲು ಕೊಲೊಸ್ಟಮಿಗೆ ನೀರು ಹಾಯಿಸಿ ತೊಳೆದುಕೊಳ್ಳುವ ಇರಿಗೇಶನ್ ರೂಢಿ ಇದ್ದವರು, ಹರ್ನಿಯಾ ಬಂದ ಮೇಲೆ ಸರ್ಜನ್ ಕೇಳದೆ ಅದನ್ನು ಮುಂದುವರಿಸಬೇಡಿ. ಬಾಗಿದ ಕರುಳಿಗೆ ಕೊಳವೆ ತಗುಲಿ ತೂತು ಬೀಳುವ ಅಪಾಯ ಇದೆ.

ಬೆಲ್ಟ್ ಬಿಚ್ಚಿ ಆಸ್ಪತ್ರೆಗೆ ಹೊರಡಬೇಕಾದ ಹೊತ್ತು

ಮಲಗಿದಾಗ ದಿನವೂ ಒಳಗೆ ಹೋಗುತ್ತಿದ್ದ ಉಬ್ಬು ಒಮ್ಮೆಲೇ ಗಟ್ಟಿಯಾಗಿ, ಮುಟ್ಟಿದರೆ ನೋಯುತ್ತಾ, ಹೊರಗೇ ನಿಂತರೆ. ನೋವು ಏರುತ್ತಲೇ ಹೋಗಿ ವಾಂತಿ ಬಂದರೆ. ಬ್ಯಾಗಿಗೆ ಮಲವೂ ಗಾಳಿಯೂ ಬರುವುದು ನಿಂತರೆ. ಸ್ಟೋಮಾ ಕಡುನೀಲಿ ಅಥವಾ ಕಪ್ಪಾದರೆ, ಕರುಳು ಸಿಕ್ಕಿಕೊಂಡಿದೆ ಎಂದೇ ತಿಳಿಯಬೇಕು. ಇವುಗಳಲ್ಲಿ ಒಂದು ಕಂಡರೂ ಸಾಕು. ಬೆಲ್ಟ್ ಬಿಚ್ಚಿ. ಒತ್ತಿ ಒಳಗೆ ಹಾಕಲು ಹೋಗಬೇಡಿ, ಭೇದಿ ಮಾತ್ರೆ ಬೇಡ, ನೀರೂ ಊಟವೂ ಬೇಡ. ಬೆಳಗಾಗಲಿ ಎಂದು ಕಾಯದೆ, ರಾತ್ರಿಯೂ ಸರ್ಜರಿ ನಡೆಯುವ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. 108ಕ್ಕೆ ಕರೆ ಮಾಡುವಾಗ "ಸ್ಟೋಮಾ ಇದೆ, ಹರ್ನಿಯಾ ಸಿಕ್ಕಿಕೊಂಡಿದೆ" ಎಂದು ಮೊದಲ ಮಾತಿನಲ್ಲೇ ಹೇಳಿ. ಡಿಸ್ಚಾರ್ಜ್ ಸಾರಾಂಶದ ಜೆರಾಕ್ಸ್, ಕತ್ತರಿಸಿಟ್ಟ ಎರಡು ಪ್ಲೇಟ್, ಎರಡು ಬ್ಯಾಗ್, ಒಂದು ರಿಂಗ್ ಒಂದೇ ಚೀಲದಲ್ಲಿ ಯಾವಾಗಲೂ ತಯಾರಿರಲಿ. ಎಮರ್ಜೆನ್ಸಿ ವಾರ್ಡಿನಲ್ಲಿ ನಿಮ್ಮ ಅಳತೆಯ ಪ್ಲೇಟ್ ಇರುವುದಿಲ್ಲ.